ಸಗರನಾಡಿನಲ್ಲಿ ‘ನಾಯಕ’ ಎಂಬ ಕುಲನಾಮ: ಉತ್ಪತ್ತಿ ಮತ್ತು ವ್ಯಾಪ್ತಿ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ‘ನಾಯಕ’ ಎಂಬ ಹೆಸರು ಕಿವಿಗೆ ಬಿದ್ದೊಡನೆ ಸುರಪುರದ ಬೇಡ ಅರಸುಮನೆತನವು ನೆನಪಿಗೆ ಬರುವುದು ಸಹಜವೇ ಆಗಿದೆ. ಆದರೆ ಈ ಹೆಸರುಳ್ಳವರೆಲ್ಲರೂ ಒಂದೇ ಬಳ್ಳಿಯವರೆನ್ನಬಹುದೇ ಎಂಬ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸೋಣ.

‘ನಾಯಕ’ ಶಬ್ದವು ‘ನೀ’, ಎಂದರೆ ಮುನ್ನಡೆಸು, ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿದುದು. ಕನ್ನಡ ಶಾಸನಗಳಲ್ಲಿ ಅದು ಮೊದಲು ಕುಲದ ಹೆಸರಲ್ಲ, ಅಧಿಕಾರದ ಹೆಸರು. ‘ದಂಡನಾಯಕ’ ಪದವೇ ಇದಕ್ಕೆ ನಿದರ್ಶನ. ವಿಜಯನಗರದ ಕಾಲದಲ್ಲಿ ಸೈನ್ಯವನ್ನು ಪೋಷಿಸುವ ಕಟ್ಟಳೆಯ ಮೇಲೆ ಸೀಮೆಗಳನ್ನು ಪಡೆದವರು ಅಮರನಾಯಕರೆನಿಸಿದರು. ಕೇಂದ್ರದ ಹಿಡಿತ ಸಡಿಲವಾದಂತೆ ಪದವಿಯು ವಂಶಪಾರಂಪರ್ಯವಾಯಿತು. ಬಿರುದು ಮನೆತನದ ಹೆಸರಾಗಿ ನಿಂತಿತು. ಹೀಗೆ ನಿಂತವರೂ ಒಂದೇ ಜಾತಿಯವರಲ್ಲ. ಕೆಳದಿಯ ನಾಯಕರು ವೀರಶೈವರು, ಚಿತ್ರದುರ್ಗದವರು ಬೇಡರು, ಮಧುರೆಯವರು ತೆಲುಗು ಮೂಲದವರು.

ಸಗರನಾಡಿನಲ್ಲಿ ಈ ಹೆಸರಿಗೆ ಬಲವಿತ್ತುದು ಸುರಪುರ ಸಂಸ್ಥಾನ. 1705ರಲ್ಲಿ ಔರಂಗಜೇಬನು ತಾನೇ ಮುಂದೆ ನಿಂತು ವಾಗಣಗೇರಿಯ ಕೋಟೆಯನ್ನು ಹಿಡಿದನು. ಆದರೂ ಬೇಡ ನಾಯಕರ ಆಳ್ವಿಕೆ ಅಳಿಯಲಿಲ್ಲ, ಸುರಪುರದಿಂದ ಮುಂದುವರಿಯಿತು. 1858ರಲ್ಲಿ ಆಂಗ್ಲರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನು ಸೆರೆಯಾಗಿ ಅದೇ ವರ್ಷ ಮಡಿದನು. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು. ರಾಜ್ಯವು ಹೋದರೂ ಹೆಸರು ಉಳಿಯಿತು.

ಇದೇ ನೆಲದಲ್ಲಿ ಇನ್ನೊಂದು ಧಾರೆಯೂ ಉಂಟು. ಲಂಬಾಣಿ ತಾಂಡಾದ ಹಿರಿಯನಿಗೆ ‘ನಾಯಕ’ನೆಂದೇ ಹೆಸರು, ಅದನ್ನು ಅಡ್ಡಹೆಸರಾಗಿ ಇಟ್ಟುಕೊಂಡ ಲಂಬಾಣಿ ಕುಟುಂಬಗಳು ಅನೇಕ. ಕರಾವಳಿಗೆ ಹೋದರೆ ಅಂಕೋಲೆಯ ನಾಡವರಲ್ಲಿಯೂ ಗೌಡ ಸಾರಸ್ವತರಲ್ಲಿಯೂ ಇದೇ ಹೆಸರು ಕಾಣುತ್ತದೆ. ಮರಾಠಿಯ ‘ನಾಈಕ’, ತೆಲುಗಿನ ‘ನಾಯುಡು’, ತಮಿಳಿನ ‘ನಾಯಕ್ಕರ್’ ಇದೇ ಶಬ್ದದ ರೂಪಗಳು. ಇವುಗಳ ನಡುವೆ ಇರುವುದು ಪದದ ನಂಟು, ರಕ್ತದ ನಂಟಲ್ಲ.

ಈ ವಿವೇಚನೆ ಕೇವಲ ಪಂಡಿತರ ವಿನೋದವಲ್ಲ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದ ‘ನಾಯಕ’ದೊಡನೆ ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು 1991ರಲ್ಲಿಯೂ, ಪರಿವಾರ ಮತ್ತು ತಳವಾರ ಎಂಬವು 2020ರಲ್ಲಿಯೂ ಸೇರಿದವು. ಲಂಬಾಣಿಗರಾದರೋ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಸಾರಸ್ವತರು ಎರಡರಲ್ಲಿಯೂ ಇಲ್ಲ. ಒಂದೇ ಅಡ್ಡಹೆಸರಿನ ಮೂವರು ವಿದ್ಯಾರ್ಥಿಗಳಿಗೆ ಹೀಗೆ ಮೂರು ಬಗೆಯ ಹಕ್ಕುಗಳು. ಹೆಸರನ್ನಷ್ಟೇ ನೋಡಿ ತೀರ್ಮಾನಿಸಿದರೆ ಅರ್ಹನಿಗೆ ಅನ್ಯಾಯವಾದೀತು, ಅನರ್ಹನಿಗೆ ಲಾಭವಾದೀತು.

ಆದುದರಿಂದ ‘ನಾಯಕ’ ಎಂಬುದು ವಂಶದ ಗುರುತಲ್ಲ, ಒಂದು ಕಾಲದ ಹೊಣೆಗಾರಿಕೆಯ ಗುರುತು ಎಂದು ನಾವು ಭಾವಿಸುತ್ತೇವೆ. ಮನೆತನದ ಇತಿಹಾಸವನ್ನು ಬರೆಯಹೊರಟ ವಿದ್ಯಾರ್ಥಿಯು ಅಡ್ಡಹೆಸರಿನಿಂದ ಆರಂಭಿಸಲಿ, ಅಲ್ಲಿಗೇ ನಿಲ್ಲದಿರಲಿ. ಬೆಡಗು, ಮನೆದೇವರು, ಇನಾಮಿನ ಕಾಗದ, ಊರಿನ ಶಾಸನ ಇವುಗಳನ್ನು ಕೂಡಿಸಿ ನೋಡಿದಾಗಲೇ ಹೆಸರಿನ ಹಿಂದಿರುವ ಜನರು ಕಾಣುತ್ತಾರೆ.