ಕಲ್ಲಿನಿಂದ ಹಾಡಿಗೆ: ಬೇಲೂರಿನ ಮದನಿಕೆಯರು

ಬೇಲೂರಿನ ಗುಡಿಯ ಸೂರಿನ ಕೆಳಗೆ ಓರೆಯಾಗಿ ನಿಂತ ಈ ಕಲ್ಲಿನ ಚೆಲುವೆಯರನ್ನು ಕತ್ತೆತ್ತಿಯೇ ನೋಡಬೇಕು. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಈ ಗುಡಿಯಲ್ಲಿ ಹೊರಗೆ 38, ಒಳಗೆ 4 ಮದನಿಕೆಯರಿದ್ದಾರೆ. ಒಬ್ಬಳು ಕನ್ನಡಿ ಹಿಡಿದು ಮೈಮರೆತಿದ್ದಾಳೆ. ಇನ್ನೊಬ್ಬಳ ಸೆರಗನ್ನು ತುಂಟ ಕೋತಿಯೊಂದು ಎಳೆಯುತ್ತಿದೆ. ಕಡೆಯುವಾಗ ಮೆದುವಾಗಿದ್ದು ಆಮೇಲೆ ಗಟ್ಟಿಯಾಗುವ ಬಳಪದ ಕಲ್ಲು ಒಡವೆಯ ಒಂದೊಂದು ಎಳೆಯನ್ನೂ ಉಳಿಸಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರನ್ನೂ ಕೆತ್ತಿ ಹೋಗಿದ್ದಾರೆ.

ಎಂಟು ಶತಮಾನಗಳ ಬಳಿಕ ಇದೇ ಕಲ್ಲಿನಿಂದ ಹಾಡು ಹುಟ್ಟಿತು.

ಕವಿ ಡಿ.ವಿ.ಜಿ. ಈ ಮದನಿಕೆಯರನ್ನು ಕೇಶವನ ಅಂತಃಪುರದ ಹೆಂಗಳೆಯರೆಂದು ಭಾವಿಸಿ ‘ಅಂತಃಪುರ ಗೀತೆ’ಗಳನ್ನು ರಚಿಸಿದರು. ಕವಿ ಇಲ್ಲಿ ಬರಿದೇ ರೂಪವನ್ನು ಬಣ್ಣಿಸುವುದಿಲ್ಲ. ಭಂಗಿಯ ಹಿಂದಿನ ಮನಸ್ಸನ್ನು ಊಹಿಸುತ್ತಾರೆ, ಮದನಿಕೆಯನ್ನೇ ಮಾತಿಗೆಳೆಯುತ್ತಾರೆ. ಸಾಲದ್ದಕ್ಕೆ ಗೀತೆಗಳಿಗೆ ರಾಗ, ತಾಳಗಳನ್ನೂ ಸೂಚಿಸಿದ್ದಾರೆ. ‘ಮಂಕುತಿಮ್ಮನ ಕಗ್ಗ’ದ ಗಂಭೀರ ಡಿ.ವಿ.ಜಿ.ಯನ್ನಷ್ಟೇ ಬಲ್ಲವರಿಗೆ ಈ ರಸಿಕತನ ಅಚ್ಚರಿಯೇ ಸರಿ.

ಸಂಗೀತಗಾರರು ಇವನ್ನು ಹಾಡಿದರು, ಭರತನಾಟ್ಯ ಕಲಾವಿದೆಯರು ಅಭಿನಯಿಸಿದರು. ನರ್ತನದ ಭಂಗಿಯಲ್ಲಿ ನಿಂತ ಶಿಲೆ ಹೀಗೆ ಹಾಡಿನ ದಾರಿಯಿಂದ ಮತ್ತೆ ರಂಗಕ್ಕೇರಿತು.

ಬೇಲೂರಿಗೆ ಹೋದರೆ ನೆನಪಿಡಿ: ಗುಡಿಯ ಒಳಗಿನ ನಾಲ್ವರು ಮದನಿಕೆಯರು ನವರಂಗದ ನಡುಗಂಬಗಳ ಮೇಲಿದ್ದಾರೆ. ಅವರನ್ನು ನೋಡದೆ ಹೊರಡಬೇಡಿ.