ಔಷಧಲೇಖದ ದೋಷಗಳೂ ಗಣಕಯಂತ್ರವೂ

ಹುನಗುಂದ ಸೀಮೆಯ ಐಹೊಳೆಯಲ್ಲಿ ಕ್ರಿ. ಶ. ೬೩೪ರಲ್ಲಿ ಕಂಡರಿಸಿದ ಮೇಗುಟಿಯ ಶಾಸನವನ್ನು ಇಂದಿಗೂ ಓದಬಹುದಾಗಿದೆ. ರಚಿಸಿದ ಕವಿ ರವಿಕೀರ್ತಿಯ ಹೆಸರೂ ಶಕವರ್ಷವೂ ಅದರಲ್ಲಿಯೇ ಇವೆ. ವೈದ್ಯರು ಕೈಯಿಂದ ಬರೆದ ಚೀಟಿಯನ್ನಾದರೋ ಮರುದಿನವೇ ಓದುವುದು ದುಸ್ತರವಾಗುವುದುಂಟು. ಶಾಸನದ ಅಂಕೆಯೊಂದನ್ನು ತಪ್ಪಾಗಿ ಓದಿದರೆ ಅರಸನೊಬ್ಬನ ಕಾಲನಿರ್ಣಯ ಕೆಡುವುದು. ಚೀಟಿಯ ಅಂಕೆ ತಪ್ಪಿದರೆ ರೋಗಿಯ ಪ್ರಾಣಕ್ಕೇ ಅಪಾಯ. ಆದುದರಿಂದ ಲಿಪಿಯನ್ನು ಅಭ್ಯಸಿಸುವ ನಮಗೆ ಈ ವಿಷಯವು ಹೊರತಾದುದಲ್ಲ.

ದೋಷಗಳು ಹುಟ್ಟುವ ಬಗೆಯನ್ನು ಮೊದಲು ನೋಡಬೇಕು. ಇನ್ಸುಲಿನ್ನಿನ ಪ್ರಮಾಣದ ಮುಂದೆ ‘ಯೂನಿಟ್’ ಎಂಬುದಕ್ಕೆ ಬದಲಾಗಿ ಬರೆದ ಆಂಗ್ಲ ‘ಯು’ ಅಕ್ಷರವು ಸೊನ್ನೆಯಂತೆ ಕಂಡರೆ ನಾಲ್ಕು ನಾಲ್ವತ್ತಾಗುತ್ತದೆ. ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಲೋಸೆಕ್ ಎಂಬ ಮದ್ದನ್ನು ಮೂತ್ರವರ್ಧಕವಾದ ಲ್ಯಾಸಿಕ್ಸ್ ಎಂದು ಓದಿದ ಪ್ರಮಾದಗಳಿಂದಾಗಿ ಅಮೇರಿಕೆಯಲ್ಲಿ ೧೯೯೦ರಲ್ಲಿ ಅದರ ಹೆಸರನ್ನೇ ಪ್ರಿಲೋಸೆಕ್ ಎಂದು ಬದಲಿಸಬೇಕಾಯಿತು.

ಅದೇ ದೇಶದ ಎಲ್ ಕ್ಯಾಮಿನೊ ಆಸ್ಪತ್ರೆಯಲ್ಲಿ ೧೯೭೧ರ ಸುಮಾರಿಗೆ ವೈದ್ಯರ ಆದೇಶಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ಪದ್ಧತಿ ಆರಂಭವಾಯಿತು. ಬಾಸ್ಟನ್ನಿನ ಬ್ರಿಗ್ಯಾಮ್ ಆಸ್ಪತ್ರೆಯ ಅಧ್ಯಯನವು ೧೯೯೮ರಲ್ಲಿ ಪ್ರಕಟವಾದಾಗ, ಮಧ್ಯದಲ್ಲಿ ಯಾರಿಂದಲೂ ತಡೆಯಲ್ಪಡದ ಗಂಭೀರ ದೋಷಗಳು ಶೇಕಡಾ ೫೫ರಷ್ಟು ಇಳಿದುವೆಂದು ತಿಳಿದುಬಂದಿತು. ಆದರೆ ಯಂತ್ರವು ತನ್ನದೇ ಪ್ರಮಾದಗಳನ್ನೂ ತರುವುದೆಂಬುದನ್ನು ಮರೆಯಲಾಗದು. ೨೦೦೫ರಲ್ಲಿ ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯಲ್ಲಿ ಅಂತಹ ೨೨ ಬಗೆಗಳನ್ನು ಗುರುತಿಸಲಾಯಿತು. ಔಷಧದ ಉಗ್ರಾಣದಲ್ಲಿ ದೊರೆಯುವ ಗುಳಿಗೆಯ ತೂಕವನ್ನೇ ಸೇವಿಸತಕ್ಕ ಪ್ರಮಾಣವೆಂದು ವೈದ್ಯರು ಭಾವಿಸಿದುದು ಅವುಗಳಲ್ಲಿ ಒಂದು. ಈ ಎರಡನೆಯ ಅಧ್ಯಯನವೇ ನನಗೆ ಹೆಚ್ಚು ಬೋಧಪ್ರದವಾಗಿ ತೋರುತ್ತದೆ.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ೨೦೧೬ರಲ್ಲಿ ನಿಯಮವನ್ನು ತಿದ್ದಿ, ಮದ್ದಿನ ಮೂಲನಾಮವನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವಿಧಿಸಿತು. (ಅಕ್ಷರ ತಿದ್ದಿಕೊಳ್ಳಿರೆಂದು ವಿದ್ಯಾವಂತರಿಗೆ ಹೇಳಬೇಕಾಗಿ ಬಂದುದು ವಿನೋದವೇ ಸರಿ.) ೨೦೨೦ರಲ್ಲಿ ಮನೆಯಿಂದಲೇ ವೈದ್ಯರನ್ನು ಕಾಣುವ ಇ-ಸಂಜೀವಿನಿ ಸೇವೆ ಬಂದಿತು, ೨೦೨೧ರಲ್ಲಿ ಪ್ರತಿಯೊಬ್ಬರಿಗೂ ೧೪ ಅಂಕೆಗಳ ಆರೋಗ್ಯ ಸಂಖ್ಯೆಯನ್ನು ಕೊಡುವ ಯೋಜನೆಗೆ ದೇಶವ್ಯಾಪಿಯಾಗಿ ಚಾಲನೆ ದೊರೆಯಿತು.

ಬಾದಾಮಿ, ಹುನಗುಂದ, ಇಳಕಲ್ಲುಗಳ ರೋಗಿಗಳು ದೊಡ್ಡ ಚಿಕಿತ್ಸೆಗಾಗಿ ೧೯೯೭ರಿಂದ ಜಿಲ್ಲಾಕೇಂದ್ರವಾಗಿರುವ ಬಾಗಲಕೋಟೆಗೆ ಹೋಗುವರು. ಅಲ್ಲಿ ಚೀಟಿಯು ಯಂತ್ರದಿಂದ ಅಚ್ಚಾಗಿ ಬಂದಿತೆಂದೇ ಇಟ್ಟುಕೊಳ್ಳೋಣ. ಇಳಕಲ್ಲಿನ ನೇಕಾರನು ಅದನ್ನು ಹಿಡಿದು ಊರಿಗೆ ಮರಳಿದೊಡನೆ ಅದು ಮತ್ತೆ ಬರಿಯ ಕಾಗದವೇ. ಮೊದಲಿನಿಂದ ಅವನು ನುಂಗುತ್ತಿರುವ ಗುಳಿಗೆಗಳ ವಿವರವು ಅಂಗಡಿಕಾರನಿಗೆ ತಿಳಿಯದು. ಊಟಕ್ಕೆ ಮೊದಲೋ ಅನಂತರವೋ ಎಂಬ ಸೂಚನೆಯು ಆಂಗ್ಲದಲ್ಲಿಯೇ ಅಚ್ಚಾಗಿದ್ದರೆ, ಅದನ್ನು ಓದಿ ಹೇಳುವ ಹೊಣೆಯು ಮನೆಯಲ್ಲಿ ಶಾಲೆಗೆ ಹೋಗುವ ಮಗುವಿನ ಮೇಲೆ ಬೀಳುತ್ತದೆ.