ಒಂದೇ ರೂಮು, ಎರಡು ರೇಟು

(1/4) ಐಬಿ ಕಾಲ
ಬೆಂಗಳೂರಿನ ಕಂಪನಿಯವರು ಸಕಲೇಶಪುರಕ್ಕೆ ಬಂದರೆ ರೆಸಾರ್ಟ್‌ಗಳು 'ಕಾರ್ಪೊರೇಟ್ ರೇಟ್' ಅಂತ ಬಾಡಿಗೆ ಕಡಿಮೆ ಮಾಡ್ತವೆ. ಇದು ಐಟಿ ಕಾಲದ ಹೊಸ ಪದ್ಧತಿ ಅಂದ್ಕೊಂಡಿದ್ದೀರಾ? ಅಲ್ಲ. ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ, ಅಂದ್ರೆ ನಮ್ಮ ಬಾಯಲ್ಲಿ ಐಬಿ, ನಡೆದಿದ್ದೇ ಹೀಗೆ. ಡ್ಯೂಟಿ ಮೇಲೆ ಬಂದ ಅಧಿಕಾರಿಗೆ ಮೊದಲ ಆದ್ಯತೆ, ಕಡಿಮೆ ಬಾಡಿಗೆ. ರೂಮು ಉಳಿದರೆ ಖಾಸಗಿಯವರಿಗೆ, ಅದೂ ಹೆಚ್ಚಿನ ಬಾಡಿಗೆಗೆ. ಇದರ ಬೇರು ಬ್ರಿಟಿಷರ ಡಾಕ್ ಬಂಗಲೆಗಳಲ್ಲಿದೆ. ಆಗ ಈ ತಾಲ್ಲೂಕಿನ ಹೆಸರು ಮಂಜರಾಬಾದ್. ಅಲ್ಲಿ ರೇಟು ಕಡಿಮೆ ಮಾಡ್ತಿದ್ದದ್ದು ಹುದ್ದೆ.

(2/4) ಕಾಫಿ ಬಿದ್ದಾಗ
2000ದ ನಂತರದ ಕೆಲವು ವರ್ಷ ಕಾಫಿ ಬೆಲೆ ನೆಲ ಕಚ್ಚಿತು. ಎಷ್ಟೋ ಬೆಳೆಗಾರರು ತೋಟದ ಮನೆಯನ್ನೇ ಹೋಂಸ್ಟೇ ಮಾಡಿದರು. ಶನಿವಾರ, ಭಾನುವಾರ ಜಾಗ ಇರಲ್ಲ. ಮಂಗಳವಾರ ನೋಡಿದರೆ ಖಾಲಿ. ಇವತ್ತು ಮಾರಾಟ ಆಗದ ರೂಮನ್ನ ನಾಳೆ ಮಾರೋಕಾಗಲ್ಲ, ಆದರೆ ಅಡುಗೆಯವರ ಸಂಬಳ, ಬ್ಯಾಂಕ್ ಕಂತು ನಿಲ್ಲಲ್ಲ. ಹಾಗಾಗಿ 'ವಾರದ ಮಧ್ಯೆ ಬರ್ತೀವಿ, ವರ್ಷಕ್ಕೆ ಇಷ್ಟು ರೂಮು ತಗೋತೀವಿ' ಅನ್ನೋ ಕಂಪನಿಗೆ ರೇಟು ಇಳಿಸೋದು ಉಪಕಾರ ಅಲ್ಲ, ಲೆಕ್ಕ. ಹುದ್ದೆಯ ಜಾಗಕ್ಕೆ ಸಂಖ್ಯೆ ಬಂತು. ಅದೇ ರೇಟನ್ನ ಕಂಪನಿ ಶನಿವಾರಕ್ಕೂ ಕೇಳಿದರೆ? ನಾಲ್ಕೇ ರೂಮಿರೋ ಆಲೂರು ಕಡೆಯ ಹೋಂಸ್ಟೇಗೆ ಅದು ಶುದ್ಧ ನಷ್ಟ.

(3/4) ತೆರಿಗೆ ಬಂದ ಮೇಲೆ
ಇಲ್ಲಿ ಸ್ವಲ್ಪ ಬಿಕಾಂ ಲೆಕ್ಕ ಸಹಿಸ್ಕೊಳ್ಳಿ 😅
ಬೋರ್ಡ್ ರೇಟು 8,000, ಕಂಪನಿ ರೇಟು 6,000 ಅಂತ ಇಟ್ಕೊಳ್ಳಿ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ತೆರಿಗೆ ದರ ನಿರ್ಧಾರ ಆಗ್ತಿದ್ದದ್ದು ಬೋರ್ಡ್ ರೇಟಿನ ಮೇಲೆ. 6,000 ಕೊಟ್ಟರೂ ದರ 28%, ತೆರಿಗೆ 1,680. 2018ರ ಜುಲೈ 27ರಿಂದ ನಿಜವಾಗಿ ಕೊಟ್ಟ ಬಾಡಿಗೆಯೇ ಅಳತೆ ಆಯ್ತು: ದರ 18%, ತೆರಿಗೆ 1,080. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರವರೆಗಿನ ರೂಮಿಗೆ 5%, ಅದಕ್ಕಿಂತ ಮೇಲಿದ್ದರೆ 18%.

ಈಗ ನೋಡಿ. ಕಂಪನಿಯವರ ಬಿಲ್ 6,300. ಪೂರ್ತಿ ರೇಟು ಕೊಡೋ ನಿಮ್ಮ ಬಿಲ್ 9,440. ರಿಯಾಯಿತಿ 2,000, ಆದರೆ ಅಂತರ 3,140! ತೆರಿಗೆಯೂ ರಿಯಾಯಿತಿಯ ಹಿಂದೇನೇ ಇಳೀತು.

(4/4) ನಮ್ಮಂಥೋರಿಗೆ?
ಯಾರದ್ದೋ ಕಂಪನಿಯ ಕೋಡ್ ಹಾಕಿ ಬುಕ್ ಮಾಡ್ಬೇಡಿ. ಚೆಕ್-ಇನ್ ಹೊತ್ತಿಗೆ ಐಡಿ ಕಾರ್ಡ್ ಕೇಳಿ, ಪೂರ್ತಿ ರೇಟು ಹಾಕಬಹುದು. ಆ ರೇಟಿನ ಹಿಂದೆ ಇರೋದು ವರ್ಷಪೂರ್ತಿ ಬರ್ತೀವಿ ಅನ್ನೋ ಮಾತು; ಅದು ನಾವು ಕೊಟ್ಟ ಮಾತಲ್ಲ.

ನಮ್ಮ ಕೈಲಿರೋದು ವಾರದ ದಿನ. ಮಂಗಳವಾರ, ಬುಧವಾರ ಹೋಗಿ, ಮಾಲೀಕರಿಗೆ ನೇರ ಫೋನ್ ಮಾಡಿ, 'ತೆರಿಗೆ ಸೇರಿ ಎಷ್ಟಾಗುತ್ತೆ ಸರ್?' ಅಂತ ಕೇಳಿ. ಜಿಎಸ್‌ಟಿ ಹಾಕೋ ಕಡೆ 8,000ದ ರೂಮು 7,500ಕ್ಕೆ ಇಳಿದರೆ ಬಿಲ್ 7,875. ಮಾಲೀಕರು ಬಿಟ್ಟಿದ್ದು 500, ನಿಮಗೆ ಉಳಿದಿದ್ದು 1,565. ಆಫೀಸರೂ ಅಲ್ಲದ, ಕಂಪನಿಯೂ ಇಲ್ಲದ ನಮಗೆ ಇಷ್ಟಾದ್ರೂ ದಾರಿ ಇದೆ.

ಸೇವ್ ಮಾಡ್ಕೊಳ್ಳಿ, ಟ್ರಿಪ್ ಗ್ರೂಪಿಗೆ ಕಳಿಸಿ. 🌿
#ಸಕಲೇಶಪುರ #ಆಲೂರು #ಹಾಸನ #ಲೆಕ್ಕದಲ್ಲಿಇತಿಹಾಸ